ಒಂದು ಕೆಂಪು ಗೆರೆ, ಹಲವು ತಪ್ಪು ಲೆಕ್ಕ

ಮಾಗಿಯ ರಾತ್ರಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವ ಜೋಳದ ಹೊಲದಲ್ಲಿ ನಿಂತರೂ ಮಹಾವ್ಯಾಧ ನಕ್ಷತ್ರಪುಂಜ ನೆತ್ತಿಗಿಂತ ತುಸು ದಕ್ಷಿಣಕ್ಕೆ ಹಾದುಹೋಗುವುದು ಕಾಣುತ್ತದೆ. ಅದರ ನಡುಪಟ್ಟಿಯ ಮೂರು ಚುಕ್ಕೆಗಳ ಕೆಳಗೆ ಮಸುಕಾದ ಒಂದು ಕಲೆಯಿದೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಅನಿಲದ ಮೋಡದಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಚುಕ್ಕೆಗಳೆಲ್ಲ ಸೃಷ್ಟಿಯ ಮೊದಲ ದಿನವೇ ಹುಟ್ಟಿ ಮುಗಿದವು ಎಂದು ನಂಬಿದವರಿಗೆ ಉತ್ತರ ಬರಿಗಣ್ಣಿಗೇ ಸಿಗುತ್ತದೆ.

ಆದರೆ ಕೋಟಿಗಟ್ಟಲೆ ಜ್ಯೋತಿರ್ವರ್ಷ ಆಚೆಯ ಗೆಲಾಕ್ಸಿಯಲ್ಲಿ ಎಷ್ಟು ಹುಟ್ಟುತ್ತಿವೆ ಎಂದು ತಿಳಿಯುವುದು ಹೇಗೆ? ದೊಡ್ಡ ದೂರದರ್ಶಕ ಇಟ್ಟು ಒಂದೊಂದೇ ಎಣಿಸುತ್ತಾರೆ ಎಂದೇ ಬಹಳ ಜನ ತಿಳಿದಿದ್ದಾರೆ. ಅಷ್ಟು ದೂರದಲ್ಲಿ ಹೆಚ್ಚಿನ ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ವಿಜ್ಞಾನಿಗಳು ನೋಡುವುದು ಗೆಲಾಕ್ಸಿಯ ವರ್ಣಪಟಲದಲ್ಲಿ ಹೊಳೆಯುವ ಗೆರೆಗಳನ್ನು. ಅವುಗಳಲ್ಲಿ ಮುಖ್ಯವಾದದ್ದು 656.3 ನ್ಯಾನೊಮೀಟರಿನ ಕೆಂಪು ಗೆರೆ, ಹೈಡ್ರೋಜನ್ ಆಲ್ಫಾ.

ಈ ಗೆರೆ ಹೊಸ ನಕ್ಷತ್ರದ ಮೈಯಿಂದ ಬರುತ್ತದೆ ಎಂಬುದೂ ತಪ್ಪು. ಭಾರಿ ತೂಕದ ಎಳೆಯ ನಕ್ಷತ್ರಗಳು ತೀವ್ರ ಅತಿನೇರಳೆ ಕಿರಣ ಸೂಸುತ್ತವೆ. 91.2 ನ್ಯಾನೊಮೀಟರಿಗಿಂತ ಚಿಕ್ಕ ತರಂಗದ ಆ ಕಿರಣ ಸುತ್ತಲಿನ ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುತ್ತದೆ. ಎಲೆಕ್ಟ್ರಾನು ಮತ್ತೆ ಬಂದು ಸೇರಿ, ಮೆಟ್ಟಿಲಿಳಿದಂತೆ ಕೆಳಗಿಳಿಯುವಾಗ ಮೂರನೇ ಹಂತದಿಂದ ಎರಡನೆಯದಕ್ಕೆ ಬಂದರೆ ಈ ಕೆಂಪು ಬೆಳಕು ಹೊಮ್ಮುತ್ತದೆ. ಹೊಳೆಯುವುದು ಅನಿಲ, ಹೊಳೆಯಿಸುವುದು ನಕ್ಷತ್ರ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ಲೆಕ್ಕದ ಬಲವೂ ದೌರ್ಬಲ್ಯವೂ ಇಲ್ಲೇ ಇದೆ. ಅಷ್ಟು ಬಿಸಿಯಾದ ನಕ್ಷತ್ರಗಳು ಕೆಲವೇ ಕೆಲವು. ಅವು ಬಾಳುವುದೂ ಹೆಚ್ಚೆಂದರೆ ಒಂದು ಕೋಟಿ ವರ್ಷದ ಆಸುಪಾಸು. ಸೂರ್ಯನಂಥವು ಸಾವಿರ ಕೋಟಿ ವರ್ಷ ಬಾಳುತ್ತವೆ, ಆದರೆ ಈ ಗೆರೆಗೆ ಅವುಗಳ ಕೊಡುಗೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನಕ್ಷತ್ರಗಳು ಹೊಳೆಯಿಸಿದ ಕೆಂಪು ಗೆರೆ ಕಂಡರೆ ಹುಟ್ಟು ತೀರ ಇತ್ತೀಚಿನದು ಎಂಬುದು ಖಚಿತ. ಒಟ್ಟು ಎಷ್ಟು ಎಂಬುದು ಮಾತ್ರ ಅಂದಾಜು. ನಮ್ಮ ತಾಲ್ಲೂಕುಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಅಳತೆಯ ಒಂದು ತುಂಡು ಹೊಲದ ರಾಶಿಯಿಂದ ಊರಿನ ಇಳುವರಿ ಹೇಳುತ್ತಾರಲ್ಲ, ಹಾಗೆ. ಇಲ್ಲಿ ಕೈಗೆ ಸಿಗುವುದು ಮಾತ್ರ ಎಲ್ಲಕ್ಕಿಂತ ಎತ್ತರ ಬೆಳೆದ ತೆನೆಗಳಷ್ಟೇ. ಉಳಿದ ಸಣ್ಣ ನಕ್ಷತ್ರಗಳು ಯಾವ ಪ್ರಮಾಣದಲ್ಲಿರುತ್ತವೆ ಎಂಬುದಕ್ಕೆ ಖಗೋಳವಿಜ್ಞಾನಿ ಸಾಲ್ಪೀಟರ್ 1955ರಲ್ಲಿ ಒಂದು ಸೂತ್ರ ಕೊಟ್ಟರು. ಅದನ್ನು ಆಧರಿಸಿ ಇನ್ನೊಬ್ಬ ಖಗೋಳವಿಜ್ಞಾನಿ ಕೆನಿಕಟ್ 1998ರಲ್ಲಿ ಗೆರೆಯ ಪ್ರಖರತೆಯನ್ನು ನಕ್ಷತ್ರ ಜನನದ ದರಕ್ಕೆ ತಿರುಗಿಸುವ ಗುಣಕ ಪ್ರಕಟಿಸಿದರು. 2012ರಲ್ಲಿ ಅವರೇ ಇವಾನ್ಸ್ ಜೊತೆ ಸೇರಿ ಕೊಟ್ಟ ಗುಣಕ ಹಳೆಯದರ ಮೂರರಲ್ಲಿ ಎರಡು ಪಾಲಿನಷ್ಟು. ಗೆಲಾಕ್ಸಿಗಳು ಬದಲಾಗಿರಲಿಲ್ಲ. ಬದಲಾದದ್ದರಲ್ಲಿ ಮುಖ್ಯವಾದದ್ದು ಸಣ್ಣ ನಕ್ಷತ್ರಗಳ ಬಗೆಗಿನ ಅಂದಾಜು.

ದರ ಎಂದರೆ ವರ್ಷಕ್ಕೆ ಇಷ್ಟು ನಕ್ಷತ್ರ ಎಂದು ಓದುವವರಿದ್ದಾರೆ. ಅದು ತೂಕದ ಲೆಕ್ಕ. ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಸುಮಾರು ಒಂದರಿಂದ ಎರಡು ಸೂರ್ಯರ ತೂಕದ ಅನಿಲ ನಕ್ಷತ್ರಗಳಾಗಿ ಮಾರ್ಪಡುತ್ತದೆ.

ಬೆಳಕು ಹೆಚ್ಚಿದ್ದಲ್ಲಿ ಹುಟ್ಟೂ ಹೆಚ್ಚು ಎಂಬ ಊಹೆಯೂ ನಿಲ್ಲುವುದಿಲ್ಲ. ದೈತ್ಯ ದೀರ್ಘವೃತ್ತಾಕಾರದ ಗೆಲಾಕ್ಸಿಗಳು ಭರ್ಜರಿಯಾಗಿ ಬೆಳಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಮುದಿ ನಕ್ಷತ್ರಗಳು. ಇನ್ನು ದೂಳು ಕೆಂಪು ಗೆರೆಯನ್ನೂ ಮಬ್ಬಾಗಿಸುತ್ತದೆ. ಅದನ್ನು ಹಿಡಿಯುವ ಉಪಾಯ ಬಲು ಚಂದ: ದೂಳಿಲ್ಲದಿದ್ದರೆ ಹೈಡ್ರೋಜನ್ನಿನ ಕೆಂಪು ಗೆರೆ ಅದರ ನೀಲಿ-ಹಸಿರು ಗೆರೆಗಿಂತ ಸುಮಾರು 2.86 ಪಟ್ಟು ಪ್ರಖರವಾಗಿರಬೇಕು. ಅನುಪಾತ ಅದಕ್ಕಿಂತ ಹೆಚ್ಚಿದ್ದರೆ, ದೂಳು ನೀಲಿಯನ್ನು ಹೆಚ್ಚು ನುಂಗಿದೆ ಎಂದರ್ಥ. ಎಷ್ಟು ನುಂಗಿತೋ ಅಷ್ಟನ್ನು ಲೆಕ್ಕಕ್ಕೆ ಮರಳಿ ಸೇರಿಸುತ್ತಾರೆ. ಗೆಲಾಕ್ಸಿಯ ನಡುವಿನ ಕಪ್ಪುಕುಳಿ ಸುತ್ತಲಿನ ಅನಿಲವನ್ನು ಬೆಳಗಿಸಿದರೂ ಇದೇ ಗೆರೆ ಮೂಡುತ್ತದೆ. ಆಗ ನೈಟ್ರೋಜನ್, ಆಮ್ಲಜನಕದ ಗೆರೆಗಳ ಜೊತೆ ಹೋಲಿಸಿ ಬೇರ್ಪಡಿಸುತ್ತಾರೆ.

ಇದೆಲ್ಲ ಪರದೇಶದವರ ಕೆಲಸ ಎಂದುಕೊಳ್ಳುವ ವಿದ್ಯಾರ್ಥಿಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕವನ್ನು ರೂಪಿಸುವಲ್ಲಿ ಮುಂದಾಳಾಗಿದ್ದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆ ದೂರದರ್ಶಕದಿಂದಲೇ ಪುಣೆಯ ಖಗೋಳವಿಜ್ಞಾನಿ ಕನಕ್ ಸಾಹಾ ಮತ್ತು ಸಂಗಡಿಗರು, ಬೆಳಕು ನಮ್ಮನ್ನು ತಲುಪಲು 930 ಕೋಟಿ ವರ್ಷ ಹಿಡಿಯುವ ಒಂದು ಗೆಲಾಕ್ಸಿಯಿಂದ ತೀವ್ರ ಅತಿನೇರಳೆ ಕಿರಣ ಹೊರಗೆ ಸೋರುತ್ತಿರುವುದನ್ನು ಕಂಡು 2020ರಲ್ಲಿ ಪ್ರಕಟಿಸಿದರು. ಹಾಗೆ ಸೋರಿಹೋದ ಕಿರಣ ಅಲ್ಲಿನ ಹೈಡ್ರೋಜನ್ ಪರಮಾಣುಗಳಿಗೆ ತಾಗಲೇ ಇಲ್ಲ. ಆದ್ದರಿಂದ ಕೆಂಪು ಗೆರೆಯೊಂದನ್ನೇ ನಂಬಿ ಲೆಕ್ಕ ಹಾಕಿದರೆ, ಅಲ್ಲಿ ಹುಟ್ಟುತ್ತಿರುವ ನಕ್ಷತ್ರಗಳ ಲೆಕ್ಕ ಅಷ್ಟರಮಟ್ಟಿಗೆ ಕಡಿಮೆಯಾಗಿಯೇ ಬರುತ್ತದೆ.