ನಾಲ್ಕು ಗಾಲಿಗಳ ನಡುವಿನ ನೊಗ

ಎಮ್ಮಿಗನೂರು, ಆದವಾನಿ ಸೀಮೆಯ ಎರೆ ಭೂಮಿಯ ಸ್ವಭಾವವನ್ನು ನಮ್ಮ ವಾಚಕರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಾಯಿ ಬಿಡುವ ಈ ನೆಲ ಒಂದು ಒಳ್ಳೆಯ ಮಳೆ ಬಿದ್ದರೆ ಉಬ್ಬಿ, ನುಣ್ಣಗಾಗಿ, ಹೆಜ್ಜೆ ಊರಿದವನ ಪಾದವನ್ನೇ ಹಿಡಿದುಕೊಳ್ಳುತ್ತದೆ. ತೆಲುಗಿನವರು ಇದನ್ನು ನಲ್ಲರೇಗಡಿ ಎನ್ನುತ್ತಾರೆ. ಭೂಗೋಳದ ಪಠ್ಯಪುಸ್ತಕಗಳಲ್ಲಿ ಕಾಣುವ 'ರೆಗರ್' ಎಂಬ ಹೆಸರು ಆ ಮಾತಿನಿಂದಲೇ ಹುಟ್ಟಿದ್ದು. ಹತ್ತಿ ಬಿಡಿಸುವ ಕಾಲದಲ್ಲಿ ಅಕಾಲ ಮಳೆಯಾದರೆ, ಆದವಾನಿಯ ಮಾರುಕಟ್ಟೆಗೆ ಹೊರಟ ಟ್ರೇಲರು ಹೊಲದ ದಾರಿಯಲ್ಲೇ ನಿಂತುಬಿಡುತ್ತದೆ. ಟ್ರ್ಯಾಕ್ಟರಿನ ಒಂದು ದೊಡ್ಡ ಗಾಲಿ ಕೆಸರನ್ನು ಚಿಮ್ಮುತ್ತ ಗಿರಗಿರನೆ ತಿರುಗುತ್ತಿರುತ್ತದೆ. ಇನ್ನೊಂದು ಗಾಲಿ ಗಟ್ಟಿ ನೆಲದ ಮೇಲಿದ್ದರೂ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನೆ ನಿಂತಿರುತ್ತದೆ. ಆಗ ಬಲ್ಲ ಚಾಲಕನು ಹಿಮ್ಮಡಿಯ ಬಳಿಯಿರುವ ಒಂದು ಸಣ್ಣ ಪೆಡಲನ್ನು ಒತ್ತುತ್ತಾನೆ. ಸುಮ್ಮನಿದ್ದ ಗಾಲಿಯೂ ಎಚ್ಚತ್ತು, ಬಂಡಿ ಮೇಲೇಳುತ್ತದೆ.

ಇದೇ ತೊಡಕಿಗೆ ವಿದೇಶಗಳಲ್ಲಿ, ಬಹು ವೇಗದ ಕಾರುಗಳಿಗಾಗಿ, ಇನ್ನೊಂದು ಬಗೆಯ ಪರಿಹಾರ ಮಾರಾಟವಾಗುತ್ತಿದೆ. ಅದು ಅಂಗೈಯಗಲದ ಒಂದು ವಿದ್ಯುನ್ಮಾನ ಪೆಟ್ಟಿಗೆ. ಕಾರಿನ ತಯಾರಕರಲ್ಲದವರು ಮಾಡಿ ಮಾರುವ ಈ ಪೆಟ್ಟಿಗೆಯ ಕೆಲಸ, ಮುಂದಿನ ಜೊತೆ ಗಾಲಿಗಳಿಗೂ ಹಿಂದಿನ ಜೊತೆ ಗಾಲಿಗಳಿಗೂ ನಡುವೆ ಇರುವ ಡಿಫರೆನ್ಷಿಯಲ್ಲಿಗೆ ಯಾವಾಗ ಬೀಗ ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ಬಿಡಬೇಕು ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವುದು. ಬೆಂಗಳೂರು, ಹೈದರಾಬಾದುಗಳಲ್ಲಿಯೂ ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೂ ಇರುವ ನಮ್ಮ ಮನೆಗಳ ಹುಡುಗರಲ್ಲಿ ಕೆಲವರಿಗೆ ಇಂಥ ಕಾರುಗಳ ಹುಚ್ಚು ಹಿಡಿದಿರುವುದರಿಂದ, ಈ ಪೆಟ್ಟಿಗೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಹಿರಿಯರೂ ಅರಿತಿರುವುದು ಒಳ್ಳೆಯದು.

ಮೊದಲು ಎತ್ತಿನ ಬಂಡಿಯನ್ನೇ ನೋಡೋಣ. ಅದರ ಎರಡು ಗಾಲಿಗಳೂ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುತ್ತವೆ. ಎಳೆಯುವ ಶಕ್ತಿ ಎತ್ತುಗಳದ್ದು, ಗಾಲಿಗಳದ್ದಲ್ಲ. ಆದ್ದರಿಂದ ತಿರುವಿನಲ್ಲಿ ಹೊರಗಾಲಿ ಹೆಚ್ಚು, ಒಳಗಾಲಿ ಕಡಿಮೆ ಉರುಳಿದರೆ ಯಾವ ತೊಂದರೆಯೂ ಇಲ್ಲ. ಎಂಜಿನ್ನಿನ ಶಕ್ತಿ ಗಾಲಿಗಳಿಗೇ ಬರುವ ವಾಹನದಲ್ಲಿ ಹಾಗಲ್ಲ. ಹಿಂಗಾಲಿಗಳ ನಡುವೆ 1.5 ಮೀಟರ್ ಅಂತರವಿರುವ ಟ್ರ್ಯಾಕ್ಟರು ಹೊಲದ ತುದಿಯಲ್ಲಿ ಅರ್ಧ ಸುತ್ತು ಹಾಕಿ ಮರಳಿದರೆ, ಹೊರಗಾಲಿಯು ಒಳಗಾಲಿಗಿಂತ ಸುಮಾರು 4.7 ಮೀಟರ್ ಹೆಚ್ಚು ಉರುಳಬೇಕಾಗುತ್ತದೆ. ಎರಡನ್ನೂ ಒಂದೇ ಸರಳಿಗೆ ಬಿಗಿದಿದ್ದರೆ ಯಾವುದಾದರೊಂದು ಗಾಲಿ ನೆಲವನ್ನು ಉಜ್ಜಿಕೊಂಡೇ ಸಾಗಬೇಕು. ಈ ತೊಡಕನ್ನು ಬಿಡಿಸುವ ಹಲ್ಲುಗಾಲಿಗಳ ಜೋಡಣೆಯೇ ಡಿಫರೆನ್ಷಿಯಲ್. ಫ್ರಾನ್ಸಿನ ಗಡಿಯಾರ ಕುಶಲಿ ಓನೆಸಿಫೋರ್ ಪೆಕರ್ ಎಂಬಾತನು 1827ರ ಸುಮಾರಿನಲ್ಲಿ ಉಗಿಬಂಡಿಗಾಗಿ ಇದನ್ನು ರೂಪಿಸಿದನು.

ಈ ಜೋಡಣೆಯ ಗುಟ್ಟು ನಮ್ಮ ನೊಗದಲ್ಲಿಯೇ ಇದೆ. ನೊಗದ ನಟ್ಟನಡುವೆ ಮಿಣಿ ಕಟ್ಟಿರುವಾಗ ಎರಡು ಎತ್ತುಗಳೂ ಸಮಸಮ ಎಳೆದರೆ ಮಾತ್ರ ನೊಗ ನೇರವಾಗಿ ನಿಲ್ಲುತ್ತದೆ. ಒಂದು ಎತ್ತು ಕಾಲು ಜಾರಿ ಎಳೆಯುವುದನ್ನು ಬಿಟ್ಟರೆ, ಇನ್ನೊಂದು ಎಷ್ಟೇ ಬಲಶಾಲಿಯಾಗಿದ್ದರೂ ಅದರ ಎಳೆತದಿಂದ ನೊಗ ಓರೆಯಾಗುತ್ತದೆಯೇ ಹೊರತು ಬಂಡಿ ಮುಂದೆ ಹೋಗದು. ಡಿಫರೆನ್ಷಿಯಲ್ ಕೂಡ ಎರಡು ಕಡೆಗೂ ಸಮಬಲವನ್ನೇ ಕೊಡುತ್ತದೆ. ಕೆಸರಿನಲ್ಲಿ ಜಾರುವ ಗಾಲಿ ಎಷ್ಟು ಅಲ್ಪ ಬಲವನ್ನು ತಡೆದುಕೊಳ್ಳಬಲ್ಲದೋ ಅಷ್ಟೇ ಅಲ್ಪ ಬಲ ಗಟ್ಟಿ ನೆಲದ ಗಾಲಿಗೂ ಸಿಗುತ್ತದೆ. 'ಶಕ್ತಿಯೆಲ್ಲ ಜಾರುವ ಗಾಲಿಗೆ ಹೋಗುತ್ತದೆ' ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ಕಣ್ಣಿಗೆ ಕಾಣುವುದೂ ಹಾಗೆಯೇ. ಆದರೆ ನಿಜವಾಗಿ ನಡೆಯುವುದು ಇದು: ದುರ್ಬಲನ ಅಳತೆಯೇ ಬಲಿಷ್ಠನಿಗೂ ಅಳತೆಯಾಗುತ್ತದೆ.

ಟ್ರ್ಯಾಕ್ಟರಿನ ಆ ಸಣ್ಣ ಪೆಡಲು ನೊಗವನ್ನು ಮೂಕಿಗೆ ಅಲುಗದಂತೆ ಬಿಗಿದುಬಿಡುತ್ತದೆ. ಆಗ ಎರಡು ಗಾಲಿಗಳೂ ಒಂದೇ ವೇಗದಲ್ಲಿ ತಿರುಗಲೇಬೇಕು. ಇದರಿಂದ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಗಾಲಿ ಜೋರಾಗಿ ಗಿರಕಿ ಹೊಡೆಯುತ್ತಿರುವಾಗ ಪೆಡಲು ಒತ್ತಿದರೆ ಒಳಗಿನ ಹಲ್ಲುಗಳು ಮುರಿದಾವು. ಎಂಜಿನ್ನಿನ ವೇಗ ಇಳಿಸಿ, ಗಾಲಿ ನಿಂತ ಮೇಲೆಯೇ ಒತ್ತಬೇಕು. ಬೀಗ ಬಿದ್ದಿರುವಾಗ ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಗಾಲಿಗಳು ಓರೆಯಾಗಿ ಜಾರುತ್ತವೆ, ಟ್ರ್ಯಾಕ್ಟರು ಮಾತ್ರ ನೆಟ್ಟಗೆ ನುಗ್ಗುತ್ತದೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಏರಿಯ ಮೇಲೆ ಸಾಗುತ್ತಿರುವವನಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕೆ? ಕಾಲು ತೆಗೆದ ಮೇಲೆಯೂ, ಗಾಲಿಗಳ ಮೇಲೆ ಹೊರೆಯಿರುವ ತನಕ ಕೆಲವೊಮ್ಮೆ ಬೀಗ ಕಳಚಿಕೊಳ್ಳುವುದಿಲ್ಲ. ಕ್ಲಚ್ ಒತ್ತಿ ಹೊರೆ ಇಳಿಸಿದರೆ ಬಿಡುತ್ತದೆ. ಹೊಸದಾಗಿ ಟ್ರ್ಯಾಕ್ಟರು ಕಲಿಯುವ ಹುಡುಗರಿಗೆ ಉಳುವುದನ್ನು ಕಲಿಸುವ ಮೊದಲು ಇದನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಪೆಡಲನ್ನು ಮುಟ್ಟದೆಯೇ ಕೆಲಸ ಸಾಧಿಸುವ ಇನ್ನೊಂದು ಉಪಾಯವನ್ನೂ ನಮ್ಮ ಚಾಲಕರು ಬಲ್ಲರು. ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಇರುತ್ತದೆಯಷ್ಟೆ. ಜಾರುವ ಗಾಲಿಯ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಆ ಗಾಲಿಗೆ ತಡೆ ಹುಟ್ಟಿ, ಅಷ್ಟೇ ಬಲ ಇನ್ನೊಂದಕ್ಕೂ ದೊರೆಯುತ್ತದೆ. ಇಂದಿನ ಕಾರುಗಳು 'ಟ್ರ್ಯಾಕ್ಷನ್ ಕಂಟ್ರೋಲ್' ಎಂಬ ದೊಡ್ಡ ಹೆಸರಿನಲ್ಲಿ ಗಣಕದಿಂದ ಮಾಡಿಸುವುದು ಬಹುಮಟ್ಟಿಗೆ ಈ ಕೆಲಸವನ್ನೇ. (ರಸ್ತೆಗೆ ಬಂದ ಮೇಲೆ ಆ ಎರಡು ಬ್ರೇಕುಗಳನ್ನು ಕೊಂಡಿಯಿಂದ ಜೋಡಿಸದೆ ಓಡಿಸಿದವರು ಪಲ್ಟಿ ಹೊಡೆಯುವ ಅಪಾಯವುಂಟು, ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.)

ಎರಡು ಗಾಲಿಗಳ ವಿಚಾರ ಇಷ್ಟಾದರೆ, ನಾಲ್ಕಕ್ಕೂ ಬಲ ಹೋಗುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತನ್ನು ಹಾಕುತ್ತವೆ. ಮಹೀಂದ್ರಾ ಜೀಪು, ಮಾರುತಿ ಜಿಪ್ಸಿಗಳಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಡಿಫರೆನ್ಷಿಯಲ್ ಇರಲಿಲ್ಲ. ಫೋರ್ ವ್ಹೀಲ್ ಹಾಕಿದೊಡನೆ ಎರಡೂ ಗಟ್ಟಿಯಾಗಿ ಬೆಸೆದುಕೊಳ್ಳುತ್ತಿದ್ದವು. ಕೆಸರಿನಲ್ಲಿ ಗಾಲಿ ಒಂದಿಷ್ಟು ಜಾರಿ ಆ ಅಂತರವನ್ನು ಸರಿದೂಗಿಸಿಕೊಳ್ಳುತ್ತದೆ. ಒಣ ಟಾರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲದೆ ಒಳಗಿನ ಸರಳುಗಳು ಹಗ್ಗದಂತೆ ಹುರಿಗೊಳ್ಳುತ್ತವೆ, ಟೈರು ಸವೆಯುತ್ತದೆ, ಲಿವರು ಕಚ್ಚಿಕೊಂಡು ಹಿಂದಕ್ಕೆ ಬಾರದೆ ಹಟ ಹಿಡಿಯುತ್ತದೆ. ಒಣ ರಸ್ತೆಯಲ್ಲಿಯೂ ನಾಲ್ಕು ಗಾಲಿಗಳಿಗೆ ಸದಾ ಬಲ ಕೊಡಬೇಕೆಂದರೆ, ನಡುವೆ ಮೂರನೆಯದೊಂದು ಡಿಫರೆನ್ಷಿಯಲ್ ಬೇಕೇ ಬೇಕು.

ಇದನ್ನು ರಸ್ತೆಯ ಕಾರಿಗೆ ತರಲು ಪಟ್ಟು ಹಿಡಿದವರಲ್ಲಿ ಮೊದಲಿಗರು ರೈತರಿಗೆ ಚಿರಪರಿಚಿತರು. ನಮ್ಮ ಹೊಲಗಳಲ್ಲಿ ಓಡಾಡುವ ಮ್ಯಾಸೆ ಫರ್ಗ್ಯೂಸನ್ ಟ್ರ್ಯಾಕ್ಟರಿನ ಹೆಸರಿನ ಅರ್ಧಭಾಗ ಅವರದು. ಐರ್ಲೆಂಡಿನಲ್ಲಿ 1884ರಲ್ಲಿ ಹುಟ್ಟಿದ ಹ್ಯಾರಿ ಫರ್ಗ್ಯೂಸನ್, 1909ರಲ್ಲಿ ತಾವೇ ಕಟ್ಟಿದ ವಿಮಾನವನ್ನು ಹಾರಿಸಿದವರು. ನೇಗಿಲನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೆ ಜೋಡಿಸಿ ಹೈಡ್ರಾಲಿಕ್ ಬಲದಿಂದ ಎತ್ತಿಳಿಸುವ ಏರ್ಪಾಟನ್ನು ಲೋಕಕ್ಕೆ ಕೊಟ್ಟವರು. ತಮ್ಮ ಟ್ರ್ಯಾಕ್ಟರು ಉದ್ಯಮವನ್ನು 1953ರಲ್ಲಿ ಮ್ಯಾಸೆ ಹ್ಯಾರಿಸ್ ಕಂಪೆನಿಯೊಡನೆ ಸೇರಿಸಿದ ಮೇಲೆ ಅವರ ಮನಸ್ಸೆಲ್ಲ ನಾಲ್ಕು ಗಾಲಿಗಳ ಕಾರಿನ ಕಡೆಗೆ ತಿರುಗಿತು. ಮದರಾಸಿನಲ್ಲಿ ಟ್ಯಾಫೆ ಸಂಸ್ಥೆ ಸ್ಥಾಪನೆಯಾಗಿ ಫರ್ಗ್ಯೂಸನ್ ಹೆಸರಿನ ಟ್ರ್ಯಾಕ್ಟರುಗಳಿಗೆ ಭಾರತದಲ್ಲಿ ನೆಲೆ ದೊರೆತ 1960ರಲ್ಲಿಯೇ ಅವರು ತೀರಿಕೊಂಡರು. ಮರುವರ್ಷ ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಒದ್ದೆಯಾದ ಹಾದಿಯ ಮೇಲೆ ಸ್ಟರ್ಲಿಂಗ್ ಮಾಸ್ ಅವರು ಫರ್ಗ್ಯೂಸನ್ ಪಿ 99 ಕಾರನ್ನು ಓಡಿಸಿ ಗೋಲ್ಡ್ ಕಪ್ ಗೆದ್ದರು. ನಾಲ್ಕು ಗಾಲಿಗಳಿಗೂ ಬಲವಿರುವ ಕಾರು ಫಾರ್ಮುಲಾ ಒನ್ ಪಂದ್ಯವೊಂದನ್ನು ಗೆದ್ದದ್ದು ಅದೊಂದೇ ಸಲ. 1966ರಲ್ಲಿ ಬಂದ ಜೆನ್ಸನ್ ಎಫ್‌ಎಫ್ ಕಾರಿನ ಹೆಸರಿನಲ್ಲಿರುವ ಎರಡು ಅಕ್ಷರಗಳೂ 'ಫರ್ಗ್ಯೂಸನ್ ಫಾರ್ಮುಲಾ' ಎಂಬುದನ್ನೇ ಸೂಚಿಸುತ್ತವೆ. ಅದು ಮುಂದಕ್ಕೆ ನೂರರಲ್ಲಿ 37 ಪಾಲನ್ನೂ ಹಿಂದಕ್ಕೆ 63 ಪಾಲನ್ನೂ ಕೊಡುತ್ತಿತ್ತು. ಜೋಡಿಯಲ್ಲಿ ಒಂದು ಎತ್ತು ಬಡಕಲಾದಾಗ ಮಿಣಿಯನ್ನು ನಡುವಿನಿಂದ ಸರಿಸಿ ಬಲವಾದ ಎತ್ತಿನ ಕಡೆಗೆ ಕಟ್ಟುವುದಿಲ್ಲವೆ, ಹಾಗೆ. ಅಂಥ ಕಾರುಗಳು ತಯಾರಾದದ್ದು ಬರೀ 320.

ಜನರ ಕಣ್ಣಿಗೆ ಈ ತಂತ್ರ ಬಿದ್ದದ್ದು 1980ರಲ್ಲಿ, ಜರ್ಮನಿಯ ಔಡಿ ಕಂಪೆನಿ ಜಿನೀವಾದ ಪ್ರದರ್ಶನದಲ್ಲಿ ಕ್ವಾಟ್ರೋ ಕಾರನ್ನು ತಂದಿಟ್ಟಾಗ. ಮರುವರ್ಷವೇ ಇಟಲಿಯ ಸಾನ್ ರೆಮೊ ರ್ಯಾಲಿಯಲ್ಲಿ ಅದನ್ನು ಓಡಿಸಿ ಗೆದ್ದವರು ಫ್ರಾನ್ಸಿನ ಮಿಷೆಲ್ ಮೂಟನ್ ಎಂಬ ಮಹಿಳೆ. ವಿಶ್ವ ರ್ಯಾಲಿ ಪಂದ್ಯವೊಂದನ್ನು ಸ್ತ್ರೀಯೊಬ್ಬರು ಗೆದ್ದದ್ದು ಅದೇ ಮೊದಲು. ಕ್ವಾಟ್ರೋವಿನ ನಡು ಡಿಫರೆನ್ಷಿಯಲ್ಲಿಗೆ ಚಾಲಕನು ಟ್ರ್ಯಾಕ್ಟರಿನವನಂತೆ ತಾನೇ ಬೀಗ ಹಾಕಬೇಕಾಗಿತ್ತು. ಎಬಿಎಸ್ ಬ್ರೇಕು ಅಳವಡಿಸಿದ ಮುಂದಿನ ಮಾದರಿಗಳಲ್ಲಿ ಬೀಗ ಹಾಕಿದೊಡನೆ ಎಬಿಎಸ್ ಕೆಲಸ ನಿಲ್ಲುತ್ತಿತ್ತು, ಏಕೆಂದರೆ ಒಂದಕ್ಕೊಂದು ಬೆಸೆದ ಗಾಲಿಗಳ ವೇಗವನ್ನು ಅದು ಬೇರೆ ಬೇರೆಯಾಗಿ ಅಳೆದು ಬಿಡಿಸಲಾರದು.

ಪೂರ್ತಿ ಬೀಗ, ಇಲ್ಲವೆ ಪೂರ್ತಿ ಬಿಡುಗಡೆ, ಈ ಎರಡರ ನಡುವೆ ಒಂದು ದಾರಿ ಬೇಕೆನಿಸಿತು. ಜಪಾನಿನ ಸುಬಾರು ಕಂಪೆನಿ ತನ್ನ ಇಂಪ್ರೆಜಾ ಕಾರಿನ ಎಸ್‌ಟಿಐ ಮಾದರಿಗಳಲ್ಲಿ ಕಂಡುಕೊಂಡ ದಾರಿ ಹೀಗಿದೆ. ನಡು ಡಿಫರೆನ್ಷಿಯಲ್ಲಿನ ಹಲ್ಲುಗಾಲಿಗಳ ಮಗ್ಗುಲಲ್ಲಿ ಬಿಲ್ಲೆಗಳಿಂದಾದ ಒಂದು ಕ್ಲಚ್ಚು. ಆ ಬಿಲ್ಲೆಗಳನ್ನು ಒತ್ತಿ ಹಿಡಿಯಲು ಒಂದು ವಿದ್ಯುತ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಷ್ಟೂ ಬೀಗ ಬಿಗಿಯಾಗುತ್ತದೆ, ನಿಂತರೆ ಸಡಿಲವಾಗುತ್ತದೆ. ಅಮೆರಿಕದಲ್ಲಿ ಮಾರಿದ 2004ರ ಮಾದರಿಯಲ್ಲಿ ಸಹಜ ಹಂಚಿಕೆ ಮುಂದೆ 35, ಹಿಂದೆ 65 ಆಗಿದ್ದು, 2006ರ ಮಾದರಿಯಲ್ಲಿ ಅದು 41 ಮತ್ತು 59 ಆಯಿತು. ಚಾಲಕನ ಕೈಬಳಿಯ ಸಣ್ಣ ಚಕ್ರವನ್ನು ತಿರುಗಿಸಿ ಬೀಗದ ಬಿಗಿಯನ್ನು ಆರಿಸಿಕೊಳ್ಳಬಹುದು, ಇಲ್ಲವೆ ಕಾರಿಗೇ ಬಿಡಬಹುದು. ಮಿತ್ಸುಬಿಷಿಯವರು ಲ್ಯಾನ್ಸರ್ ಎವಲ್ಯೂಷನ್ ಕಾರಿನ ಏಳನೆಯ ಮಾದರಿಯಲ್ಲಿ, 2001ರಲ್ಲಿ, ಇದೇ ಕೆಲಸವನ್ನು ಎಣ್ಣೆಯ ಒತ್ತಡದಿಂದ ಮಾಡಿಸಿದರು. ಟಾರು, ಜಲ್ಲಿ, ಹಿಮ ಎಂದು ಮೂರು ಬಗೆಯ ನೆಲಕ್ಕೆ ಮೂರು ಆಯ್ಕೆಗಳನ್ನಿಟ್ಟರು.

ಹೊರಗಿನವರು ಮಾಡುವ ಪೆಟ್ಟಿಗೆಗೆ ಗಿರಾಕಿಗಳು ಹುಟ್ಟಿದ್ದು ಇಲ್ಲಿಂದಲೇ. ಹಳೆಯ ಇಂಪ್ರೆಜಾ ಇಟ್ಟುಕೊಂಡವರು ಗುಜರಿಗೆ ಬಂದ ಎಸ್‌ಟಿಐ ಕಾರಿನ ಗಟ್ಟಿಮುಟ್ಟಾದ ಆರು ಗೇರಿನ ಪೆಟ್ಟಿಗೆಯನ್ನು ತಂದು ತಮ್ಮದಕ್ಕೆ ಕೂಡಿಸುತ್ತಾರೆ. ಯಂತ್ರಭಾಗ ಕೂಡಿಕೊಂಡರೂ, ಅದರೊಳಗಿನ ಸುರುಳಿಗೆ ಎಷ್ಟು ವಿದ್ಯುತ್ತು ಕೊಡಬೇಕೆಂದು ಹೇಳುವ ಗಣಕ ಹಳೆಯ ಕಾರಿನಲ್ಲಿಲ್ಲ. ಆ ಕೊರತೆಯನ್ನು ಈ ಪೆಟ್ಟಿಗೆ ತುಂಬುತ್ತದೆ. ತೀರ ಸರಳವಾದ ಪೆಟ್ಟಿಗೆಯಲ್ಲಿ ಬಿಗಿ ಹೆಚ್ಚು ಕಡಿಮೆ ಮಾಡುವ ಒಂದು ಗುಂಡಿ ಮಾತ್ರ ಇರುತ್ತದೆ. ಉತ್ತಮವಾದದ್ದು ಆಕ್ಸಿಲರೇಟರು ಎಷ್ಟು ಒತ್ತಿದೆ, ಬ್ರೇಕು ತಗುಲಿದೆಯೆ, ವೇಗವೆಷ್ಟು, ಕಾರು ಯಾವ ಮಗ್ಗುಲಿಗೆ ವಾಲುತ್ತಿದೆ ಎಂಬುದನ್ನೆಲ್ಲ ಗಮನಿಸುತ್ತ, ವಿದ್ಯುತ್ತನ್ನು ಸೆಕೆಂಡಿಗೆ ಅನೇಕ ಸಲ ಹಚ್ಚಿ ಆರಿಸಿ ಅದರ ಸರಾಸರಿಯನ್ನು ಏರಿಳಿಸುತ್ತದೆ. ಬ್ರೇಕು ಒತ್ತಿದಾಗ ಬೀಗ ಸಡಿಲಬೇಕು. ತಿರುವಿಗೆ ಮೂತಿ ಹೊರಳಿಸುವಾಗ ಸಡಿಲಬೇಕು, ಇಲ್ಲದಿದ್ದರೆ ಕಾಲುವೆ ಏರಿಯ ಟ್ರ್ಯಾಕ್ಟರಿನಂತೆ ಕಾರು ನೆಟ್ಟಗೆ ನುಗ್ಗೀತು. ತಿರುವು ದಾಟಿ ಆಕ್ಸಿಲರೇಟರು ಒತ್ತಿದಾಗ ಮತ್ತೆ ಬಿಗಿಯಾಗಬೇಕು. ಹ್ಯಾಂಡ್ ಬ್ರೇಕು ಎಳೆದರೆ ಪೂರ್ತಿ ಬಿಡಬೇಕು. ಎರೆ ಹೊಲದ ಚಾಲಕ ಕಾಲಿನಿಂದ ಮಾಡುವ ವಿವೇಚನೆಯೇ ಇದು. ವ್ಯತ್ಯಾಸವೆಂದರೆ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಕಾಲಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

ಹಾಗಾದರೆ ನೂರಾರು ಡಾಲರ್ ತೆತ್ತು ಇದನ್ನು ಕೊಳ್ಳಬೇಕೆ? ಗೇರ್ ಪೆಟ್ಟಿಗೆ ಬದಲಾಯಿಸಿದವನಿಗೆ ಬೇರೆ ದಾರಿಯಿಲ್ಲ. ಪಂದ್ಯಕ್ಕೆ ಇಳಿಯುವವನಿಗೆ, ನೆಲಕ್ಕೆ ತಕ್ಕಂತೆ ಬೀಗವನ್ನು ತಿದ್ದಿಕೊಳ್ಳುವ ಅನುಕೂಲವಿದೆ. ಕಂಪೆನಿಯ ಗಣಕ ಸರಿಯಾಗಿರುವ ಕಾರಿನಲ್ಲಿ, ಕಚೇರಿಗೆ ಹೋಗಿಬರುವವನಿಗೆ ಇದರಿಂದ ಆಗುವ ಪ್ರಯೋಜನ ನನಗಂತೂ ಕಾಣದು. ಪೆಟ್ಟಿಗೆ ನೆಲದ ಹಿಡಿತವನ್ನು ಸೃಷ್ಟಿಸುವುದಿಲ್ಲ, ಇದ್ದುದನ್ನು ಹಂಚುತ್ತದೆ ಅಷ್ಟೆ. ಹಿಡಿತವಿರುವುದು ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ಅಂಗೈಯಗಲದ ನಾಲ್ಕು ತಾವುಗಳಲ್ಲಿ. ಸವೆದ ಟೈರಿನ ಮೇಲೆ ಹೊಸ ಪೆಟ್ಟಿಗೆ ಕೂರಿಸುವುದು, ಲಾಳವಿಲ್ಲದ ಎತ್ತಿಗೆ ಹೊಸ ನೊಗ ಹೂಡಿದಂತೆ. ಒಣ ರಸ್ತೆಯಲ್ಲಿ ಪೂರ್ತಿ ಬೀಗ ಹಾಕಿಟ್ಟು ಓಡಿಸಿದರೆ ಜೀಪಿನ ಕಥೆಯೇ ಮರುಕಳಿಸುತ್ತದೆ, ದುಬಾರಿ ಗೇರ್ ಪೆಟ್ಟಿಗೆಯ ಆಯಸ್ಸು ತಗ್ಗುತ್ತದೆ. ಕೊಳ್ಳುವವನು ಮಾರುವವನನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ತಂತಿ ಕಿತ್ತುಹೋದರೆ, ಪೆಟ್ಟಿಗೆ ಕೆಟ್ಟರೆ, ಬೀಗ ಬಿಟ್ಟುಕೊಳ್ಳುತ್ತದೆಯೆ ಅಥವಾ ಹಾಗೆಯೇ ಕಚ್ಚಿಕೊಂಡಿರುತ್ತದೆಯೆ? ಬಿಟ್ಟುಕೊಳ್ಳುವುದೇ ಕ್ಷೇಮಕರ.

ನಮ್ಮ ದೇಶದಲ್ಲಿ ಕಾನೂನಿನ ಮಾತೂ ಇದೆ. ತಯಾರಕರು ಗೊತ್ತುಪಡಿಸಿದ ರೀತಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ವಾಹನದ ಒಡೆಯನಿಗೆ ಬರಬಹುದು. ಬೆಂಗಳೂರಿನಲ್ಲಿ ಗೇರ್ ಪೆಟ್ಟಿಗೆ ಬದಲಾಯಿಸಲು ಹೊರಟವರು ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸಿಕೊಳ್ಳಲಿ.

ಈ ಪೆಟ್ಟಿಗೆಗಳ ಬಾಳು ಇನ್ನೆಷ್ಟು ಕಾಲವೋ. ಎವಲ್ಯೂಷನ್ ಕಾರಿನ ತಯಾರಿಕೆ ನಿಂತುಹೋಗಿದೆ. ಪೆಟ್ರೋಲಿನ ಹೊಸ ಎಸ್‌ಟಿಐ ತರುವುದಿಲ್ಲವೆಂದು ಸುಬಾರು 2022ರಲ್ಲಿ ಹೇಳಿತು. ಕಿಯಾ ಇವಿ6ರಂಥ ವಿದ್ಯುತ್ ಕಾರುಗಳ ನಾಲ್ಕು ಗಾಲಿಯ ಮಾದರಿಗಳಲ್ಲಿ ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಮೋಟಾರು ಇರುತ್ತದೆ. ಎರಡನ್ನೂ ಕೂಡಿಸುವ ಸರಳೇ ಇಲ್ಲದ ಮೇಲೆ ನಡುವೆ ನೊಗವೂ ಇಲ್ಲ, ಅದಕ್ಕೆ ಬೀಗವೂ ಇಲ್ಲ. ಯಾವ ಅಚ್ಚಿಗೆ ಎಷ್ಟು ಬಲವೆಂಬುದನ್ನು ಕಾರ್ಖಾನೆಯಲ್ಲಿ ಬರೆದಿಟ್ಟ ಗಣಕದ ಲೆಕ್ಕವೇ ತೀರ್ಮಾನಿಸುತ್ತದೆ. ಹಳೆಯ ಇಂಪ್ರೆಜಾಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡವರು ಇರುವವರೆಗೆ ಈ ಪೆಟ್ಟಿಗೆಗೆ ಗಿರಾಕಿ ಇದ್ದೇ ಇರುತ್ತಾರೆ.