ಖಾಲಿ ಬಾಟಲಿ ಎಣಿಸುವವರಿಗೆ ಎಷ್ಟು ಕೂಲಿ?



ಅಂಗಡಿಯಿಂದ ಸೋಡಾ ಬಾಟಲಿಯನ್ನು ಮನೆಗೆ ಒಯ್ಯಬೇಕಾದರೆ ಅಂಗಡಿಯವರು ಬಾಟಲಿಯ ಬಾಬ್ತು ಸ್ವಲ್ಪ ಹಣ ಇರಿಸಿಕೊಳ್ಳುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಖಾಲಿ ಬಾಟಲಿ ಕೊಟ್ಟರೆ ಹಣ ವಾಪಸ್. ಇದಕ್ಕೆ ಠೇವಣಿ ಎನ್ನುತ್ತೇವೆ. ಅಮೆರಿಕದಲ್ಲಿ ಒರೆಗಾನ್ ರಾಜ್ಯವು 1971ರಲ್ಲಿ ಈ ಪದ್ಧತಿಯನ್ನೇ ಕಾನೂನಾಗಿ ಮಾಡಿತು. ರಸ್ತೆ ಬದಿಯಲ್ಲಿ ಬೀಳುವ ಬಾಟಲಿ, ಡಬ್ಬಿಗಳ ರಾಶಿಯನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಈಗ ಅಲ್ಲಿನ ಹತ್ತು ರಾಜ್ಯಗಳಲ್ಲಿ ಇಂಥ ಕಾನೂನುಗಳಿವೆ.

ಠೇವಣಿಯ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹಿಂದಿರುಗಿದ ಸಾವಿರಾರು ಖಾಲಿ ಡಬ್ಬಿಗಳನ್ನು ಎಣಿಸಿ, ವಿಂಗಡಿಸಿ, ಚೀಲಕ್ಕೆ ತುಂಬುವವರು ಯಾರು? ಅವರಿಗೆ ಕೂಲಿ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಉತ್ತರವೇ ನಿರ್ವಹಣಾ ಶುಲ್ಕ.

ಐದು ಸೆಂಟಿನ ಪ್ರಯಾಣ

ನ್ಯೂಯಾರ್ಕ್ ರಾಜ್ಯದ ಉದಾಹರಣೆಯನ್ನು ನೋಡೋಣ. ಅಲ್ಲಿನ ಕಾನೂನು 1982ರಲ್ಲಿ ಅಂಗೀಕಾರವಾಗಿ ಮರುವರ್ಷ ಜಾರಿಗೆ ಬಂತು. ಪಾನೀಯದ ವಿತರಕನು ಪ್ರತಿ ಡಬ್ಬಿಗೆ 5 ಸೆಂಟ್ ಠೇವಣಿಯನ್ನು ಅಂಗಡಿಯಿಂದ ಪಡೆಯುತ್ತಾನೆ. ಅಂಗಡಿಯವನು ಅದನ್ನು ಗಿರಾಕಿಯಿಂದ ವಸೂಲು ಮಾಡುತ್ತಾನೆ. ಗಿರಾಕಿ ಖಾಲಿ ಡಬ್ಬಿಯನ್ನು ಅಂಗಡಿಗೆ ಅಥವಾ ಇದಕ್ಕೆಂದೇ ಇರುವ ವಾಪಸಾತಿ ಕೇಂದ್ರಕ್ಕೆ ಕೊಟ್ಟು ತನ್ನ 5 ಸೆಂಟ್ ಪಡೆಯುತ್ತಾನೆ. ಕೇಂದ್ರದವರು ಡಬ್ಬಿಯನ್ನು ವಿತರಕನಿಗೆ ಒಪ್ಪಿಸಿದಾಗ ಆ 5 ಸೆಂಟಿನ ಜೊತೆಗೆ 3.5 ಸೆಂಟ್ ನಿರ್ವಹಣಾ ಶುಲ್ಕವೂ ದೊರೆಯುತ್ತದೆ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಆ 5 ಸೆಂಟಿನಲ್ಲಿ ಕೇಂದ್ರಕ್ಕೆ ಒಂದು ಕಾಸೂ ಲಾಭವಿಲ್ಲ. ಗಿರಾಕಿಗೆ ಮೊದಲೇ ಕೈಯಿಂದ ಕೊಟ್ಟ ಹಣ ತಿರುಗಿ ಬಂದಿತು, ಅಷ್ಟೆ. ಕಟ್ಟಡದ ಬಾಡಿಗೆ, ವಿದ್ಯುತ್ತು, ನೌಕರರ ಸಂಬಳ ಎಲ್ಲವೂ ಆ ಮೂರೂವರೆ ಸೆಂಟಿನಲ್ಲೇ ನಡೆಯಬೇಕು. ಕೆಲಸವೂ ಹಗುರವಲ್ಲ. ಗಾಜು, ಪ್ಲಾಸ್ಟಿಕ್, ಅಲ್ಯೂಮಿನಿಯಂ ಎಂದು ಬೇರೆ ಮಾಡಿದರೆ ಸಾಲದು. ವಿತರಕನು ತಾನು ಮಾರುವ ಪಾನೀಯಗಳ ಡಬ್ಬಿಗಳನ್ನು ಮಾತ್ರ ತೆಗೆದುಕೊಳ್ಳುವುದರಿಂದ ಬ್ರ್ಯಾಂಡ್ ಪ್ರಕಾರವೂ ವಿಂಗಡಿಸಬೇಕು.

ಲೆಕ್ಕ ಹೇಳುವ ಸತ್ಯ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ನ್ಯೂಯಾರ್ಕಿನಲ್ಲಿ ಶುಲ್ಕವನ್ನು 2ರಿಂದ 3.5 ಸೆಂಟಿಗೆ ಏರಿಸಿದ್ದು 2009ರಲ್ಲಿ. ಆ ವರ್ಷ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್ ಆಯಿತು. ಒಬ್ಬ ನೌಕರನ ಒಂದು ಗಂಟೆಯ ಕೂಲಿ ಹುಟ್ಟಲು ಕೇಂದ್ರಕ್ಕೆ ಸುಮಾರು 207 ಡಬ್ಬಿಗಳ ಶುಲ್ಕ ಸಾಕಾಗುತ್ತಿತ್ತು. 2024ರಲ್ಲಿ ನ್ಯೂಯಾರ್ಕ್ ನಗರದ ಕನಿಷ್ಠ ಕೂಲಿ 16 ಡಾಲರಿಗೆ ಏರಿತು. ಶುಲ್ಕ ಮಾತ್ರ ಆಗಲೂ 3.5 ಸೆಂಟೇ. ಅದೇ ಒಂದು ಗಂಟೆಯ ಕೂಲಿಗೆ ಸುಮಾರು 457 ಡಬ್ಬಿಗಳು ಬೇಕಾದವು. ಮನುಷ್ಯನ ಕೈಗಳು ಮಾತ್ರ ಎರಡೇ!

ಕೂಲಿ ಹೆಚ್ಚಿದ್ದು ತಪ್ಪಲ್ಲ. ಜೀವನವೆಚ್ಚ ಏರಿದಾಗ ಕೂಲಿಯೂ ಏರಲೇಬೇಕು. ತೊಡಕಿರುವುದು ಶುಲ್ಕದ ಸ್ವರೂಪದಲ್ಲಿ. ವ್ಯಾಪಾರಿಯು ಖರ್ಚು ಹೆಚ್ಚಾದರೆ ಬೆಲೆ ಏರಿಸಬಹುದು. ವಾಪಸಾತಿ ಕೇಂದ್ರಕ್ಕೆ ಆ ಸ್ವಾತಂತ್ರ್ಯವಿಲ್ಲ; ಅದರ ದರವನ್ನು ಗೊತ್ತುಪಡಿಸುವುದು ಶಾಸನಸಭೆ.

ಕೇಂದ್ರ ಮುಚ್ಚಿದರೆ

ಕೇಂದ್ರಗಳು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾ ಕಂಡಿದೆ. ಅಲ್ಲಿನ ವ್ಯವಸ್ಥೆ ಬೇರೆ. ಕೇಂದ್ರಗಳ ಆದಾಯವು ಗುಜರಿ ಬೆಲೆಯನ್ನೂ ಸರ್ಕಾರ ಕೊಡುವ ಹಣವನ್ನೂ ಅವಲಂಬಿಸಿದೆ. ಗುಜರಿ ಬೆಲೆ ಕುಸಿದು ಖರ್ಚು ಏರಿದಾಗ, 2019ರ ಆಗಸ್ಟ್‌ನಲ್ಲಿ ರೀಪ್ಲಾನೆಟ್ ಎಂಬ ಸಂಸ್ಥೆ ತನ್ನ 284 ಕೇಂದ್ರಗಳನ್ನೂ ಒಮ್ಮೆಲೇ ಮುಚ್ಚಿತು. ಗಿರಾಕಿಗಳು ಅಂಗಡಿಯಲ್ಲಿ ಬಾಟಲಿಯ ಬಾಬ್ತು ಹಣ ತೆರುವುದು ಮಾತ್ರ ನಿಲ್ಲಲಿಲ್ಲ.

ಹಿಂದಿರುಗಿಸುವ ಜಾಗವೇ ಹತ್ತಿರದಲ್ಲಿಲ್ಲದಿದ್ದರೆ ಠೇವಣಿಯು ಠೇವಣಿಯಾಗಿ ಉಳಿಯುವುದಿಲ್ಲ, ತೆರಿಗೆಯಾಗುತ್ತದೆ. ಇದರ ಪೆಟ್ಟು ಮೊದಲು ತಗಲುವುದು ಬಡವರಿಗೆ. ನ್ಯೂಯಾರ್ಕಿನ ಬೀದಿಗಳಲ್ಲಿ ಡಬ್ಬಿ ಆಯ್ದು ಬದುಕುವವರಲ್ಲಿ ಮುದುಕರೂ ಪರದೇಶಗಳಿಂದ ಬಂದವರೂ ಇದ್ದಾರೆ. ತಳ್ಳುಗಾಡಿಯ ತುಂಬ ಡಬ್ಬಿ ಹೇರಿಕೊಂಡು ಎಷ್ಟು ದೂರ ನಡೆಯಲಾದೀತು?

ವಾಪಸಾಗದೆ ಉಳಿದ ಠೇವಣಿ ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಬಹುದು. ನ್ಯೂಯಾರ್ಕಿನ 2009ರ ತಿದ್ದುಪಡಿಯ ಪ್ರಕಾರ ಅದರಲ್ಲಿ ಶೇಕಡಾ 80 ಭಾಗ ರಾಜ್ಯ ಸರ್ಕಾರಕ್ಕೆ, 20 ಭಾಗ ವಿತರಕರಿಗೆ ಸೇರುತ್ತದೆ. ಕೇಂದ್ರದವರ ಪಾಲು ಸೊನ್ನೆ.

ಮೇನ್ ರಾಜ್ಯ ಹಿಡಿದ ದಾರಿ

ಮೇನ್ ರಾಜ್ಯದಲ್ಲಿಯೂ ಇದೇ ಕಷ್ಟ ಎದುರಾಯಿತು. ಅಲ್ಲಿ 2023ರಲ್ಲಿ ಶುಲ್ಕವನ್ನು 4.5 ಸೆಂಟಿನಿಂದ ಎರಡು ಹಂತಗಳಲ್ಲಿ 6 ಸೆಂಟಿಗೆ ಏರಿಸಲಾಯಿತು. ಅಲ್ಲಿ ಸಾಮಾನ್ಯ ಡಬ್ಬಿಯ ಠೇವಣಿ 5 ಸೆಂಟ್. ಎಂದರೆ ಠೇವಣಿಗಿಂತ ಅದನ್ನು ಹಿಂದಿರುಗಿಸುವ ಕೆಲಸದ ಕೂಲಿಯೇ ಹೆಚ್ಚಾಯಿತು! ಶುಲ್ಕ ಏರಿದಾಗ ವಿತರಕರು ಆಕ್ಷೇಪಿಸುವುದು ಸಹಜ, ಏಕೆಂದರೆ ಹೊರೆ ಅವರದು. ಅವರು ಅದನ್ನು ಪಾನೀಯದ ಬೆಲೆಗೆ ಸೇರಿಸಿದರೆ ಕೊನೆಗೆ ಕುಡಿಯುವವನೇ ತೆರಬೇಕು. ಆದರೆ ಡಬ್ಬಿ ಚರಂಡಿಗೆ ಬಿದ್ದರೂ ಅದನ್ನು ಎತ್ತಲು ಯಾರಾದರೂ ಹಣ ತೆರಲೇಬೇಕಲ್ಲವೇ?

ಠೇವಣಿಯು ಬಾಟಲಿಯನ್ನು ಗಿರಾಕಿಯ ಕೈಯಿಂದ ಕೇಂದ್ರದ ಬಾಗಿಲವರೆಗೆ ತರುತ್ತದೆ. ಅಲ್ಲಿಂದ ಮುಂದಕ್ಕೆ ಅದನ್ನು ಸಾಗಿಸುವುದು ನಿರ್ವಹಣಾ ಶುಲ್ಕ. ಒಂದು ಒಳ್ಳೆಯ ಕಾನೂನನ್ನು ಓದುವಾಗ ಅದರ ಉದ್ದೇಶವನ್ನಷ್ಟೇ ನೋಡದೆ, ಅದರ ಕೆಲಸ ಮಾಡುವವರಿಗೆ ಎಷ್ಟು ದಕ್ಕುತ್ತದೆ ಎಂಬುದನ್ನೂ ಕೇಳಬೇಕು.

ನಿಮಗೊಂದು ಲೆಕ್ಕ: ಗಂಟೆಗೆ 16 ಡಾಲರ್ ಕೂಲಿಯನ್ನು ಮತ್ತೆ 207 ಡಬ್ಬಿಗಳಲ್ಲೇ ಹುಟ್ಟಿಸಬೇಕಾದರೆ ಶುಲ್ಕ ಎಷ್ಟು ಸೆಂಟ್ ಇರಬೇಕು? ಮಾಡಿ ನೋಡಿ, ನಿಮ್ಮ ತರಗತಿಯಲ್ಲಿ ಚರ್ಚಿಸಿ.