ರೋಬೋಟ್‌ ಸ್ಪರ್ಧೆ: ಮೊದಲೇ ಮಾಡಿಟ್ಟ ಸರ್ಕ್ಯೂಟ್‌ ಬಳಸಬೇಕಾ? ಹಾಗಾದ್ರೆ ಎದುರಾಳಿಗೂ ಕೊಡಿ!

ಅಮೆರಿಕದಲ್ಲಿರೋ ಮಗಳು ವಿಡಿಯೋ ಕಾಲ್‌ ಮಾಡಿದಾಗ ‘ಮೊಮ್ಮಗ ಎಲ್ಲಮ್ಮಾ?’ ಅಂದ್ರೆ, ‘ರೋಬೋಟ್‌ ಮಾಡೋಕೆ ಸ್ಕೂಲಿಗೆ ಹೋಗಿದಾನೆ’ ಅನ್ನೋ ಉತ್ತರ ತಾಲೂಕಿನ ಕೆಲವು ಮನೆಗಳಲ್ಲಿ ಕೇಳಿರಬಹುದು. ಹೈಸ್ಕೂಲ್‌ ಮಕ್ಕಳಿಗಾಗಿ ಅಲ್ಲಿ 1992ರಿಂದ ನಡೀತಿರೋ ‘ಫಸ್ಟ್‌ ರೋಬೋಟಿಕ್ಸ್‌ ಕಾಂಪಿಟಿಷನ್‌’ ಬಹಳ ದೊಡ್ಡ ಹೆಸರು. ಅದರಲ್ಲೊಂದು ವಿಚಿತ್ರ ಅನ್ನಿಸೋ ನಿಯಮ ಇದೆ.

ಪ್ರತಿ ವರ್ಷ ಜನವರಿಯಲ್ಲಿ ಆ ಸಲದ ಆಟ ಏನು ಅಂತ ಪ್ರಕಟಿಸುತ್ತಾರೆ. ಈ ದಿನಕ್ಕೆ ‘ಕಿಕಾಫ್‌’ ಅಂತ ಹೆಸರು. 2024ರಲ್ಲಿ ಅದು ಜನವರಿ 6. ರೋಬೋಟ್‌ ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ. ಮೊದಲೇ ಕೂತು ಎಲ್ಲ ಮಾಡಿಟ್ಟುಕೊಂಡ ದೊಡ್ಡ ತಂಡಕ್ಕೆ ಲಾಭ ಆಗಬಾರದು ಅನ್ನೋದು ಲೆಕ್ಕಾಚಾರ.

ಈಗ ಒಬ್ಬ ಹುಡುಗಿ ನವೆಂಬರ್‌ನಲ್ಲೇ ಸೆನ್ಸರ್‌ಗೆ ಒಂದು ಸರ್ಕ್ಯೂಟ್‌ ಬೋರ್ಡ್‌ ಡಿಸೈನ್‌ ಮಾಡಿದಳು ಅಂದುಕೊಳ್ಳಿ. ತಿಂಗಳುಗಟ್ಟಲೆ ನಿದ್ದೆಗೆಟ್ಟ ಕೆಲಸ. ಜನವರಿಯಲ್ಲಿ ಅದನ್ನ ಬಳಸಬಹುದಾ? 2024ರ ನಿಯಮ ಪುಸ್ತಕದ ಪ್ರಕಾರ ಬಳಸಬಹುದು. ಆದರೆ ಕಿಕಾಫ್‌ಗೆ ಮುಂಚೆಯೇ ಆ ಡಿಸೈನ್‌ ಯಾರು ಬೇಕಾದರೂ ನೋಡುವಂತೆ ಸಾರ್ವಜನಿಕವಾಗಿ ಹಾಕಿರಬೇಕು. ಪಕ್ಕದೂರಿನ ಎದುರಾಳಿ ತಂಡವೂ ಅದನ್ನ ಇಳಿಸಿಕೊಳ್ಳಬಹುದು. ಮರೆತು ಒಂದು ದಿನ ತಡ ಮಾಡಿದರೂ ಆ ವರ್ಷಕ್ಕೆ ಆ ಡಿಸೈನ್‌ ಕೈಬಿಟ್ಟ ಹಾಗೇ.

ಬೋರ್ಡಿನ ಫೋಟೋ ಹಾಕಿ ‘ಹಂಚಿದ್ವಿ’ ಅಂದ್ರೆ ನಡೆಯಲ್ಲ. ಇನ್ನೊಬ್ಬರು ನೋಡಿ ಹಾಗೇ ಮಾಡಿಕೊಳ್ಳುವಷ್ಟು ಮಾಹಿತಿ ಇರಬೇಕು: ಸರ್ಕ್ಯೂಟ್‌ ನಕ್ಷೆ, ಬೋರ್ಡ್‌ ತಯಾರಿಸೋ ಫೈಲ್‌, ಬಿಡಿಭಾಗಗಳ ಪಟ್ಟಿ. ಅದಕ್ಕೆಂದೇ ಬರೆದ ಪ್ರೋಗ್ರಾಂ ಹಳೆಯದಾದರೆ ಅದೂ ಸಾರ್ವಜನಿಕವಾಗಿರಬೇಕು.

ಇಲ್ಲೇ ಹಲವರು ಎಡವೋದು: ಹಂಚಿದರೆ ಹಳೇ ಡಿಸೈನ್‌ಗೆ ಮಾತ್ರ ಒಪ್ಪಿಗೆ. ನವೆಂಬರ್‌ನಲ್ಲಿ ಬೆಸುಗೆ ಹಾಕಿದ ಅದೇ ಬೋರ್ಡನ್ನ ತಂದು ಕೂರಿಸುವಂತಿಲ್ಲ, ಕಿಕಾಫ್‌ ಆದ ಮೇಲೆ ಹೊಸದಾಗಿ ಮಾಡಬೇಕು. ಅಂಗಡಿಯಲ್ಲಿ ಎಲ್ಲರಿಗೂ ಸಿಗೋ ರೆಡಿಮೇಡ್‌ ಬೋರ್ಡ್‌ಗೆ ಈ ತಾಪತ್ರಯ ಇಲ್ಲ. ಸ್ವಂತ ಬುದ್ಧಿ ಓಡಿಸಿದವರಿಗೇ ಕೆಲಸ ಜಾಸ್ತಿ, ಇದು ಸ್ವಲ್ಪ ಅನ್ಯಾಯ ಅನ್ನಿಸಿದರೂ ತಪ್ಪಿಲ್ಲ.

ಇನ್ನು ಸ್ವಂತ ಸರ್ಕ್ಯೂಟ್‌ ಎಲ್ಲೆಂದರಲ್ಲಿ ಹಾಕೋ ಹಾಗೂ ಇಲ್ಲ. 12 ವೋಲ್ಟ್‌ ಬ್ಯಾಟರಿಯಿಂದ ಮೋಟಾರ್‌ವರೆಗೆ ಕರೆಂಟ್‌ ಹೋಗೋ ದಾರಿಯನ್ನ ಅದು ಬದಲಿಸಬಾರದು. ಆ ದಾರಿಯ ಮುಖ್ಯ ಬ್ರೇಕರ್‌ 120 ಆಂಪಿಯರ್‌ದು, ಅಲ್ಲಿ ಎಡವಟ್ಟಾದರೆ ವೈರ್‌ ಸುಟ್ಟೇ ಹೋಗುತ್ತೆ. ಸೆನ್ಸರ್‌, ಎಲ್‌ಇಡಿ ಥರದ ಕೆಲಸಕ್ಕೆ ಅಡ್ಡಿಯಿಲ್ಲ. ನಿಯಮಗಳು ವರ್ಷ ವರ್ಷ ಪರಿಷ್ಕರಣೆ ಆಗೋದರಿಂದ ಆಯಾ ವರ್ಷದ ಪುಸ್ತಕವನ್ನೇ ನೋಡಬೇಕು.

ಹೀಗೆ ಸಾರ್ವಜನಿಕವಾದ ಫೈಲ್‌ಗಳನ್ನ ಇಲ್ಲಿ ಕೂತೂ ತೆಗೆದು ನೋಡಬಹುದು. ಅದು ‘ಕೈಕ್ಯಾಡ್‌’ನಲ್ಲಿ ಮಾಡಿದ್ದಾದರೆ ಸಾಫ್ಟ್‌ವೇರ್‌ಗೆ ಕಾಸು ಕೊಡಬೇಕಿಲ್ಲ, ಅಟಲ್‌ ಟಿಂಕರಿಂಗ್‌ ಲ್ಯಾಬ್‌ ಇರೋ ಶಾಲೆಯ ಕಂಪ್ಯೂಟರ್‌ನಲ್ಲೂ ಹಾಕಿಕೊಳ್ಳಬಹುದು.